ದ್ವಿತೀಯ ಭಾಷೆ ಇಂಗ್ಲಿಷ್ ಕಲಿಸುವವರೇ, ಮೊಬೈಲು ಕಂಪ್ಯೂಟರು ಹಿಡಿದು ಎಲ್ಲಿಂದ ಶುರು ಮಾಡುತ್ತೀರಿ?

"ಇಂಗ್ಲಿಷ್ ಟೀಚರ್‌ಗೆ ಯಾವ ಆನ್‌ಲೈನ್ ಕೋರ್ಸ್ ಒಳ್ಳೇದು, ಹೇಳಿ." ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ, ತರಬೇತಿಯ ಊಟದ ಸಾಲಿನಲ್ಲಿ, ರಾತ್ರಿ ಒಂಬತ್ತರ ಫೋನಿನಲ್ಲಿ ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಈಗ ಒಟ್ಟಿಗೆ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಕೋರ್ಸ್ ಈ ಬರಹದಲ್ಲಿ ಐದನೇ ಹಂತಕ್ಕೆ ಬರುತ್ತದೆ. ಅದನ್ನೇ ಮೊದಲು ಹಿಡಿದವರ ಹತ್ತಿರ ಪ್ರಮಾಣಪತ್ರಗಳು ಸೇರಿಕೊಳ್ಳುತ್ತವೆ, ನಾಳೆ ಬೆಳಗಿನ ಎರಡನೇ ಪಿರಿಯಡ್ ಮಾತ್ರ ಹಾಗೇ ಉಳಿಯುತ್ತದೆ.

ಇದು ಯಾರಿಗಾಗಿ? ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಕಲಿಸುತ್ತಿರುವವರಿಗೆ. ಅದರಲ್ಲೂ ಡಿಗ್ರಿಯಲ್ಲಿ ಇಂಗ್ಲಿಷ್ ಐಚ್ಛಿಕವಾಗಿ ಓದದೆ, ಶಾಲೆಯ ಅಗತ್ಯಕ್ಕೆ ಈ ವಿಷಯ ಹೆಗಲಿಗೆ ಬಂದವರಿಗೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಬಂತು. 2019-20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಹೀಗಾಗಿ ಗಣಿತ, ಸಮಾಜ ಕಲಿಸಲು ತರಬೇತಿ ಪಡೆದವರೂ ಇಂಗ್ಲಿಷ್ ಪಾಠಕ್ಕೆ ನಿಂತಿದ್ದಾರೆ. ಅವರು ಹಿಂಜರಿಯಬೇಕಾದ ಕಾರಣವಿಲ್ಲ, ತಯಾರಿ ಒಂದಿದ್ದರೆ ಸಾಕು.

ಏನೇನು ಬೇಕು

ಎರಡು ಮೂರು ಜಿಬಿ ಜಾಗ ಖಾಲಿ ಇರುವ ಒಂದು ಸ್ಮಾರ್ಟ್‌ಫೋನ್. ವೈರ್ ಇರುವ ಇಯರ್‌ಫೋನ್. ಮನೆಯಲ್ಲೋ ಶಾಲೆಯ ಲ್ಯಾಬಿನಲ್ಲೋ ಒಂದು ಕಂಪ್ಯೂಟರ್, ಹಳೆಯದಾದರೂ ನಡೆಯುತ್ತದೆ. 32 ಜಿಬಿಯ ಪೆನ್‌ಡ್ರೈವ್. ನೂರು ಪುಟದ ನೋಟ್‌ಬುಕ್. ದಿನಕ್ಕೆ ಅರ್ಧ ಗಂಟೆ. ಸ್ಮಾರ್ಟ್ ಬೋರ್ಡು, ಹಣ ಕಟ್ಟಿ ಕೊಳ್ಳುವ ಆ್ಯಪ್ ಯಾವುದೂ ಬೇಡ.

ಹಂತ 1: ನಿಮ್ಮ ದನಿಯನ್ನು ನೀವೇ ಕೇಳಿ

ನಾಳೆ ಮಾಡಬೇಕಾದ ಪಾಠದ ಒಂದು ಪ್ಯಾರಾ ಆರಿಸಿ, ಫೋನಿನ ರೆಕಾರ್ಡರ್ ಒತ್ತಿ ಗಟ್ಟಿಯಾಗಿ ಓದಿ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ದನಿ ಮುದ್ರಿಸುವುದು, ಬೇಡದ್ದನ್ನು ಕತ್ತರಿಸುವುದು, ದನಿಯ ಮಟ್ಟ ಕೆಡಿಸದೆ ವೇಗ ತಗ್ಗಿಸುವುದು ಎಲ್ಲವೂ ಅದರಲ್ಲಿ ಆಗುತ್ತದೆ. ಫೈಲಿಗೆ ದಿನಾಂಕದ ಹೆಸರು ಕೊಟ್ಟು ಇಟ್ಟುಕೊಳ್ಳಿ, ಅಳಿಸಬೇಡಿ. ಮೊದಲ ಸಲ ಕೇಳುವಾಗ ಯಾರಿಗೂ ತಮ್ಮ ದನಿ ಇಷ್ಟವಾಗುವುದಿಲ್ಲ. ಅದು ಎರಡೇ ದಿನದ ಸಂಕೋಚ.

ಏನನ್ನು ಗಮನಿಸಬೇಕು? ಕನ್ನಡ ನಾಲಿಗೆಗೆ ಸಹಜವಾದ ಕೆಲವು ರೂಢಿಗಳು ಇಂಗ್ಲಿಷ್ ಓದುವಾಗಲೂ ಜೊತೆಗೆ ಬರುತ್ತವೆ.

ಪದದ ಮೊದಲಿನ 'ಎ'ಗೆ ನಾವು ಯಕಾರ ಸೇರಿಸುತ್ತೇವೆ, 'ಒ'ಗೆ ವಕಾರ. ಎಗ್ ಹೋಗಿ 'ಯೆಗ್' ಆಗುತ್ತದೆ, ಓನ್ಲಿ ಹೋಗಿ 'ವೋನ್ಲಿ' ಆಗುತ್ತದೆ. ಮಾತಿನಲ್ಲಿ 'ಎಲ್ಲಾ' ಎನ್ನುವುದನ್ನು 'ಯೆಲ್ಲಾ' ಎನ್ನುವ ಅಭ್ಯಾಸವೇ ಇಲ್ಲೂ ಮುಂದುವರಿದಿದೆ, ಅಷ್ಟೆ. 'ಫ' ಎಂದು ಬರೆದರೂ 'ಪ' ಎಂದು ಓದಿದರೆ ಕಾಫಿಗೂ ಕಾಪಿಗೂ ವ್ಯತ್ಯಾಸ ಉಳಿಯುವುದಿಲ್ಲ. ಜ಼ೀರೊದ ಮೊದಲ ದನಿಯೂ ಜಗ್‌ನ ಮೊದಲ ದನಿಯೂ ಬೇರೆ ಬೇರೆ. ಕೊನೆಯ ವ್ಯಂಜನಕ್ಕೆ ಉಕಾರ ಅಂಟುವುದು ಇನ್ನೊಂದು: ಬಸ್ಸು, ಬುಕ್ಕು, ಕಾರು. ಕನ್ನಡದಲ್ಲಿ ಹಾಗೆ ಹೇಳುವುದೇ ಸರಿ, ಇಂಗ್ಲಿಷ್ ವಾಕ್ಯದಲ್ಲಿ ಅಲ್ಲ. ಹಳೇ ಮೈಸೂರು ಕಡೆಯ ಹಲವು ಊರುಗಳಲ್ಲಿ ಮಾತಿನಲ್ಲಿ ಹಕಾರವೂ ಬಿಟ್ಟುಹೋಗುತ್ತದೆ. ಅಲ್ಲಿನ ಮಕ್ಕಳಿಗೆ ಹ್ಯಾಟ್ ಮತ್ತು ಆ್ಯಟ್ ಬೇರೆ ಬೇರೆ ಪದ ಎಂದು ಕೇಳಿಸಿಯೇ ಕಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಒತ್ತು. ಒತ್ತಕ್ಷರ ಅಲ್ಲ, ಪದದ ಒಂದು ಭಾಗವನ್ನು ಉಳಿದವಕ್ಕಿಂತ ಬಲವಾಗಿ, ತುಸು ಎಳೆದು ಹೇಳುವುದು. ಫೋಟೊಗ್ರಾಫ್ ಎನ್ನುವಾಗ ಬಲ ಬೀಳುವುದು 'ಫೋ' ಮೇಲೆ. ಫೊಟಾಗ್ರಫಿ ಎನ್ನುವಾಗ ಅದು 'ಟಾ' ಮೇಲಕ್ಕೆ ಜಾರುತ್ತದೆ, ಫೋಟೊಗ್ರಾಫಿಕ್ ಎನ್ನುವಾಗ 'ಗ್ರಾ' ಮೇಲಕ್ಕೆ. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಹೆಚ್ಚು ಕಡಿಮೆ ಸಮಾನ ತೂಕ ಕೊಡುತ್ತೇವಾದ್ದರಿಂದ ಈ ವ್ಯತ್ಯಾಸ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಕೇಂಬ್ರಿಜ್ ನಿಘಂಟಿನ ಜಾಲತಾಣದಲ್ಲಿ ಯಾವ ಪದ ಹುಡುಕಿದರೂ ಪಕ್ಕದಲ್ಲಿ ಸ್ಪೀಕರ್ ಗುರುತು ಇರುತ್ತದೆ. ಒತ್ತಿದರೆ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರ ಎರಡೂ ಕೇಳುತ್ತದೆ. ಪಾಠದ ಹತ್ತು ಹೊಸ ಪದ ಹೀಗೆ ಕೇಳಿ, ಬಲ ಬೀಳುವ ಜಾಗಕ್ಕೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಿರಿ.

ನಂತರದ್ದು ನೆರಳು ಓದು. ಬಿಬಿಸಿಯ ಲರ್ನಿಂಗ್ ಇಂಗ್ಲಿಷ್ ತಾಣದಲ್ಲಿ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಎಂಬ ಆಡಿಯೊ ಸರಣಿ ಇದೆ, ಪ್ರತಿ ಕಂತಿಗೂ ಪೂರ್ತಿ ಬರಹರೂಪ ಸಿಗುತ್ತದೆ. ಒಂದು ನಿಮಿಷದ ತುಣುಕು ತೆಗೆದುಕೊಂಡು, ಬರಹ ಕಣ್ಣ ಮುಂದಿಟ್ಟು, ಹೇಳುವವರ ಹಿಂದೆಯೇ ಅರ್ಧ ಸೆಕೆಂಡ್ ಬಿಟ್ಟು ನೀವೂ ಹೇಳುತ್ತಾ ಹೋಗಿ. ಒಂದೇ ತುಣುಕು ಐದು ದಿನ.

ಎಚ್ಚರ: ಲಂಡನ್ನಿನವರಂತೆ ಮಾತಾಡುವುದು ಗುರಿಯಲ್ಲ. ಪದಗಳು ಒಂದರೊಳಗೊಂದು ಬೆರೆತುಹೋಗದಂತೆ, ಕೇಳುವವರಿಗೆ ತಿಳಿಯುವಂತೆ ಹೇಳಿದರೆ ಸಾಕು. ಫೋನಿನ ಕೀಬೋರ್ಡಿನಲ್ಲಿ ದನಿ ಟೈಪಿಂಗನ್ನು ಭಾರತೀಯ ಇಂಗ್ಲಿಷಿಗೆ ಇಟ್ಟು ಅದೇ ಪ್ಯಾರಾ ಓದಿದರೆ ಎಲ್ಲಿ ತಪ್ಪು ಅಕ್ಷರ ಮೂಡುತ್ತದೋ ಅಲ್ಲಿ ಇನ್ನೊಮ್ಮೆ ಕೇಳಿಸಿಕೊಳ್ಳಬಹುದು. ಆದರೆ ಅದೇ ಕೊನೆಯ ತೀರ್ಪಲ್ಲ. ಯಂತ್ರಕ್ಕೂ ಕಿವಿ ತಪ್ಪುತ್ತದೆ, ನಮ್ಮ ಊರುಗಳ, ಜನರ ಹೆಸರುಗಳಲ್ಲಂತೂ ಖಂಡಿತ.

ಹಂತ 2: ಒಂದೇ ಒಂದು ತೊಂದರೆಯನ್ನು ಕನ್ನಡದಲ್ಲಿ ಬರೆಯಿರಿ

"ನಮ್ಮ ಮಕ್ಕಳ ಇಂಗ್ಲಿಷ್ ವೀಕು" ಎಂದು ಬರೆದರೆ ಅದಕ್ಕೆ ಯಾವ ಸಾಮಗ್ರಿಯೂ ಸಿಗುವುದಿಲ್ಲ. "ಎಂಟನೇ ತರಗತಿಯವರು ನೋಟ್ಸ್ ನೋಡಿ ಉತ್ತರ ಬರೆಯುತ್ತಾರೆ, ಚಿತ್ರ ತೋರಿಸಿದರೆ ತಾವಾಗಿ ಎರಡು ವಾಕ್ಯ ಹೇಳುವುದಿಲ್ಲ" ಎಂದು ಬರೆಯಿರಿ. ಈಗ ಹುಡುಕಬೇಕಾದದ್ದು ವ್ಯಾಕರಣದ ವಿಡಿಯೊ ಅಲ್ಲ, ಚಿತ್ರ ನೋಡಿ ಮಾತಾಡಿಸುವ ಚಟುವಟಿಕೆ ಎಂಬುದು ನಿಮಗೇ ಹೊಳೆಯುತ್ತದೆ. ಹುಡುಕಾಟದ ಅರ್ಧ ಕೆಲಸ ಇಲ್ಲೇ ಮುಗಿಯಿತು.

ಹಂತ 3: ನಾಲ್ಕೈದು ಜಾಗಗಳನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ

ನೂರು ಲಿಂಕು ಕೂಡಿಡುವುದು ಈ ದಾರಿಯ ಅತಿ ದೊಡ್ಡ ಗುಂಡಿ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಕ್ಷತ್ರ ಹಾಕಿ ಉಳಿಸುತ್ತೇವೆ, ಒಂದನ್ನೂ ತೆರೆಯುವುದಿಲ್ಲ. ಕೆಳಗಿನವುಗಳ ಹೆಸರನ್ನು ಹುಡುಕುತಾಣದಲ್ಲಿ ಬರೆದರೆ ಸಿಗುತ್ತವೆ. ವಾರಕ್ಕೊಂದನ್ನು ಒಳಹೊಕ್ಕು ನೋಡಿ.

ಸ್ಟೋರಿವೀವರ್‌ನಿಂದಲೇ ಆರಂಭಿಸಿ ಎಂದು ನನ್ನ ಸಲಹೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಮಕ್ಕಳ ಕಥೆಗಳ ತಾಣ ಇದು. ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ನಮಗೆ ಬಂಗಾರದಂಥ ಸೌಲಭ್ಯ ಯಾವುದೆಂದರೆ, ಎಷ್ಟೋ ಕಥೆಗಳು ಅದೇ ಚಿತ್ರಗಳೊಂದಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ನಾನು ಮಾಡುವ ಕ್ರಮ ಹೀಗೆ. ಸೋಮವಾರ ಕನ್ನಡ ಕಥೆಯನ್ನು ಓದಿ ಹೇಳುತ್ತೇನೆ, ಹರಟೆ ಹೊಡೆಯುತ್ತೇವೆ. ಮಂಗಳವಾರ ಅದೇ ಚಿತ್ರಗಳನ್ನು ತೋರಿಸಿ ಇಂಗ್ಲಿಷಿನಲ್ಲಿ ಓದುತ್ತೇನೆ. ಕಥೆ ಗೊತ್ತಿರುವುದರಿಂದ ಮಕ್ಕಳು ಅರ್ಥಕ್ಕಾಗಿ ಒದ್ದಾಡುವುದಿಲ್ಲ, ಪದಗಳನ್ನು ಹಿಡಿಯುತ್ತಾರೆ. ಬುಧವಾರ ಬರಹ ಮುಚ್ಚಿ ಚಿತ್ರ ಮಾತ್ರ ತೋರಿಸಿದರೆ, ಎರಡನೇ ಹಂತದಲ್ಲಿ ಬರೆದ ಆ ತೊಂದರೆಗೆ ಇದೇ ಮದ್ದು. ಒಂದು ವಾಕ್ಯವನ್ನೂ ಹೇಳದ ಹುಡುಗ "ದ ಡಾಗ್ ಈಸ್ ರನ್ನಿಂಗ್" ಅನ್ನುತ್ತಾನೆ. ಕಥೆಗಳನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು.

ದೀಕ್ಷಾ ನಿಮಗೆ ಗೊತ್ತೇ ಇದೆ, ಕೇಂದ್ರ ಶಿಕ್ಷಣ ಇಲಾಖೆ 2017ರಲ್ಲಿ ತೆರೆದ ವೇದಿಕೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್, ಅಂದರೆ ಚೌಕದೊಳಗಿನ ಕಪ್ಪು ಚುಕ್ಕಿಗಳ ಗುರುತನ್ನು ಆ್ಯಪಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಆ್ಯಪಿನೊಳಗೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಮೊದಲ ಸಲ ರಾಜ್ಯ, ಮಾಧ್ಯಮ, ತರಗತಿ ಕೇಳಿದಾಗ ಆತುರ ಬೇಡ. ಮಾಧ್ಯಮ ತಪ್ಪಿದರೆ ನಿಮ್ಮದಲ್ಲದ ಪುಸ್ತಕದ ಸಾಮಗ್ರಿ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಪ್ರಥಮ ಭಾಷೆ ಇಂಗ್ಲಿಷಿಗೂ ದ್ವಿತೀಯ ಭಾಷೆ ಇಂಗ್ಲಿಷಿಗೂ ಪುಸ್ತಕ ಬೇರೆ.

ಬೋಧನೆಯ ವಿಧಾನ ಕಲಿಯಲು ಟೆಸ್-ಇಂಡಿಯಾ ನೋಡಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಭಾರತದ ಶಿಕ್ಷಕರಿಗಾಗಿ ಮುನ್ನಡೆಸಿದ ಯೋಜನೆಯ ಸಾಮಗ್ರಿ ಅದು, ಕನ್ನಡದಲ್ಲೂ ಇದೆ. ವಿಡಿಯೊಗಳನ್ನು ಭಾರತದ ತರಗತಿಗಳಲ್ಲೇ ತೆಗೆದಿದ್ದಾರೆ. ಹನ್ನೆರಡು ಮಕ್ಕಳ ವಿದೇಶಿ ತರಗತಿ ನೋಡಿ ನಿಟ್ಟುಸಿರು ಬಿಡುವ ಪ್ರಮೇಯವಿಲ್ಲ. ಬ್ರಿಟಿಷ್ ಕೌನ್ಸಿಲ್‌ನ ಟೀಚಿಂಗ್‌ಇಂಗ್ಲಿಷ್ ತಾಣದಲ್ಲಿ ಪಾಠಯೋಜನೆಗಳ ರಾಶಿಯೇ ಇದೆ. ನಮ್ಮ ನಲವತ್ತು ಮಕ್ಕಳ ಕೋಣೆಗೆ, ನಲವತ್ತು ನಿಮಿಷಕ್ಕೆ ಕತ್ತರಿಸಿಕೊಳ್ಳಬೇಕು. ಐಟಿ ಫಾರ್ ಚೇಂಜ್ ಸಂಸ್ಥೆ ಡಿಎಸ್‌ಇಆರ್‌ಟಿ, ಅಂದರೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಜೊತೆಗೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನೂ ಒಮ್ಮೆ ನೋಡಿ, ಅಲ್ಲಿ ನಮ್ಮ ಶಿಕ್ಷಕರೇ ಬರೆದದ್ದಿದೆ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕಾದಾಗ 'ಅಲರ್' ನಿಘಂಟು ಬಳಸಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ನಿಧಿ ಅದು. 2019ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು.

ಹಕ್ಕುಗಳ ಬಗ್ಗೆ ಒಂದು ಮಾತು. ಕ್ರಿಯೇಟಿವ್ ಕಾಮನ್ಸ್ ಎಂಬ ಗುರುತಿದ್ದರೆ, ಬರೆದವರ ಹೆಸರು ಹೇಳಿ ಪ್ರತಿ ಮಾಡಿಕೊಳ್ಳಲು ಮೊದಲೇ ಅನುಮತಿ ಕೊಟ್ಟಿದ್ದಾರೆ ಎಂದರ್ಥ. ಆ ಗುರುತಿನ ಜೊತೆ ಬೇರೆ ಷರತ್ತುಗಳಿದ್ದರೆ ಓದಿಕೊಳ್ಳಿ. ಗುರುತಿಲ್ಲದ ಪುಟವನ್ನು ಪಾಠದ ವೇಳೆ ತರಗತಿಗೆ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿ ಶಿಕ್ಷಕರಿಗೆ ಅವಕಾಶ ಕೊಡುತ್ತದೆ. ಅದನ್ನೇ ಪುಸ್ತಕ ಮಾಡಿ ಮಾರಲು, ಯೂಟ್ಯೂಬಿಗೆ ಏರಿಸಲು ಅಲ್ಲ.

ಹಂತ 4: ನೆಟ್ ಇಲ್ಲ, ಕರೆಂಟ್ ಇಲ್ಲ ಎಂದೇ ಎಣಿಸಿ ತಯಾರಾಗಿ

ತರಗತಿಯಲ್ಲಿ ಯೂಟ್ಯೂಬ್ ಸುತ್ತುತ್ತಾ ಕೂತರೆ ಆರನೇ ನಿಮಿಷಕ್ಕೆ ಮಕ್ಕಳು ಕೈತಪ್ಪುತ್ತಾರೆ. ಬೇಕಾದದ್ದನ್ನು ಮನೆಯಲ್ಲೇ ಇಳಿಸಿ. ಪೆನ್‌ಡ್ರೈವಿನಲ್ಲಿ ಪಾಠಕ್ಕೊಂದು ಫೋಲ್ಡರ್, ಹೆಸರಿನ ಮೊದಲು 01, 02 ಎಂಬ ಸಂಖ್ಯೆ. ಆಗ ಪುಸ್ತಕದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಯಾವ ವಿಡಿಯೊ ಆದರೂ ಓಡಿಸಲು ವಿಎಲ್‌ಸಿ ಪ್ಲೇಯರ್ ಇರಲಿ. ವಿಕಿಪೀಡಿಯಾದಲ್ಲಿ ಸರಳ ಇಂಗ್ಲಿಷಿನ ಬೇರೆಯದೇ ಆವೃತ್ತಿ ಇದೆ, ಅದನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಇಡಿಯಾಗಿ ಇಳಿಸಿಕೊಂಡರೆ ಶಾಲೆಯ ಲ್ಯಾಬಿನಲ್ಲಿ ನೆಟ್ ಇಲ್ಲದೆ ಓದಿಸಬಹುದು.

ಫೋನಿನ ಪುಟ್ಟ ಪರದೆಯಲ್ಲಿ ನಲವತ್ತು ಮಕ್ಕಳಿಗೆ ವಿಡಿಯೊ ತೋರಿಸಲು ಹೋಗಬೇಡಿ. ಆಡಿಯೊ ಹಾಕಿ. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಇದ್ದರೆ ಹಿಂದಿನ ಬೆಂಚಿಗೂ ಕೇಳುತ್ತದೆ, ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಕೇಳಿ ಬರೆಯುವುದು, ಕೇಳಿ ಚಿತ್ರ ಬಿಡಿಸುವುದು, ಅರ್ಧಕ್ಕೆ ನಿಲ್ಲಿಸಿ ಮುಂದೇನು ಎಂದು ಊಹಿಸುವುದು ಎಲ್ಲಕ್ಕೂ ದನಿ ಸಾಕು.

ಈಗ ಎಲ್ಲರೂ ಒಮ್ಮೆಯಾದರೂ ಬಿದ್ದ ಗುಂಡಿ: ಅಕ್ಷರ. ಕನ್ನಡ ಸೂಚನೆ, ಇಂಗ್ಲಿಷ್ ಪ್ರಶ್ನೆ ಸೇರಿಸಿ ವರ್ಕ್‌ಶೀಟ್ ಮಾಡುತ್ತೀರಿ. ಮನೆಯಲ್ಲಿ ಚೆನ್ನಾಗಿದೆ, ಜೆರಾಕ್ಸ್ ಅಂಗಡಿಯಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರ. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಾಣುವುದು ಆ ಇಂಗ್ಲಿಷ್ ಅಕ್ಷರಗಳೇ. ಇಡೀ ಪುಟವನ್ನು ಆರಿಸಿ ಫಾಂಟ್ ಬದಲಿಸಿದರೂ ಇದೇ ಗತಿ, ಇಂಗ್ಲಿಷ್ ವಾಕ್ಯಗಳು ಕನ್ನಡದ ಚೂರುಗಳಾಗುತ್ತವೆ. ಪರಿಹಾರ ಯೂನಿಕೋಡ್, ಅಂದರೆ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ವ್ಯವಸ್ಥೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ; ವಿಂಡೋಸಿನ ಕನ್ನಡ ಕೀಬೋರ್ಡ್, ಫೋನಿನ ಕನ್ನಡ ಕೀಬೋರ್ಡ್ ಎರಡೂ ಯೂನಿಕೋಡೇ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬದಲಿಸಲು ಪರಿವರ್ತಕಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ತಪ್ಪು ಉಳಿಯುವುದು ಹೆಚ್ಚಾಗಿ ಅಲ್ಲೇ. ಮುದ್ರಣಕ್ಕೆ ಹೋಗುವುದನ್ನು ಯಾವಾಗಲೂ ಪಿಡಿಎಫ್ ಮಾಡಿ ಒಯ್ಯಿರಿ.

ವರ್ಡ್ ಕೊಳ್ಳಲು ಆಗದಿದ್ದರೆ ಲಿಬ್ರೆ ಆಫೀಸ್ ಉಚಿತ. ಅದನ್ನು ಬಳಸುವ ಪಾಠಗಳು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಇವೆ. ಇನ್ನು, ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ಶಾಲೆಯ ಕಂಪ್ಯೂಟರಿಗೆ ಹಾಕಬೇಡಿ.

ಹಂತ 5: ಈಗ ಕೋರ್ಸ್

ಇಲ್ಲಿಯವರೆಗೆ ಬಂದಿದ್ದರೆ ನಿಮಗೆ ಏನು ಬರುವುದಿಲ್ಲ ಎಂದು ನಿಮಗೇ ಗೊತ್ತಿರುತ್ತದೆ. ಕೋರ್ಸ್ ಆರಿಸಲು ಅದೇ ಅಳತೆಗೋಲು.

ಮುಖಾಮುಖಿ ತರಬೇತಿಯಲ್ಲಿ ನಮ್ಮ ಭಾಗದ ದೊಡ್ಡ ಹೆಸರು ಬೆಂಗಳೂರಿನ ಜ್ಞಾನಭಾರತಿ ಆವರಣದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, 1963ರಿಂದ ದಕ್ಷಿಣ ರಾಜ್ಯಗಳ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಅಲ್ಲಿನ 30 ದಿನಗಳ ತರಬೇತಿಗೆ ಇಲಾಖೆಯ ಮೂಲಕ ನಿಯೋಜನೆಯಾಗುತ್ತದೆ. ಪಟ್ಟಿ ಕೇಳಿದಾಗ "ಮನೆ ಬಿಟ್ಟು ತಿಂಗಳು ಹೇಗಿರಲಿ" ಎಂದು ಹೆಸರು ತಪ್ಪಿಸಿಕೊಳ್ಳಬೇಡಿ. ಒಂದು ತಿಂಗಳು ಇಂಗ್ಲಿಷಿನಲ್ಲೇ ಉಂಡು ಮಾತಾಡಿ ಮಲಗುವ ಅವಕಾಶ ಮನೆಯಲ್ಲಿ ಕೂತು ಸಿಗುವುದಿಲ್ಲ. ದೂರಶಿಕ್ಷಣದಲ್ಲಿ ಇಂಗ್ಲಿಷ್ ಬೋಧನೆಯನ್ನೇ ಆಳವಾಗಿ ಓದಬೇಕೆಂದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಅಧಿಸೂಚನೆ ಗಮನಿಸುತ್ತಿರಿ.

ಆನ್‌ಲೈನಿನಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದಾದ ತೆರೆದ ಕೋರ್ಸುಗಳನ್ನು ಮೂಕ್ ಎನ್ನುತ್ತಾರೆ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಪಾಠ ಉಚಿತ, ಪ್ರಮಾಣಪತ್ರ ಬೇಕಾದರೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ದೀಕ್ಷಾದಲ್ಲಿ ಶಿಕ್ಷಕರಿಗಾಗಿಯೇ ಇರುವ ಕೇಂದ್ರದ 'ನಿಷ್ಠಾ' ತರಬೇತಿಯ ಕೋರ್ಸುಗಳು 2020ರಿಂದ ನಡೆದಿವೆ. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ.

ಸೇರುವ ಮೊದಲು ಇಷ್ಟು ಕೇಳಿಕೊಳ್ಳಿ: ನಾನು ಏನನ್ನಾದರೂ ಬರೆದು, ಮಾಡಿ ಕೊಡಬೇಕೇ, ಅಥವಾ ವಿಡಿಯೊ ಓಡಿಸಿದರೆ ಮುಗಿಯಿತೇ? ಕೊಟ್ಟದ್ದನ್ನು ಯಾರಾದರೂ ಓದಿ ಮಾತು ಹೇಳುತ್ತಾರೆಯೇ? ವಾರಕ್ಕೆ ಎಷ್ಟು ಗಂಟೆ? ಮೊದಲೆರಡಕ್ಕೂ ಉತ್ತರ ಇಲ್ಲ ಎಂದಾದರೆ ಆ ಕೋರ್ಸ್ ಬಿಟ್ಟುಬಿಡಿ.

ನೋಂದಣಿಯಲ್ಲಿ ಹೆಸರು ಸೇವಾ ಪುಸ್ತಕದಲ್ಲಿ ಇರುವಂತೆಯೇ ಇರಲಿ, ಇನಿಷಿಯಲ್ ಸಮೇತ. ಶಾಲೆಯ ಇಮೇಲ್ ಬೇಡ, ವರ್ಗಾವಣೆಯಾದ ಮೇಲೆ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಪ್ರಮಾಣಪತ್ರ ಬಂದ ದಿನವೇ ಇಳಿಸಿಕೊಳ್ಳಿ. "120 ಗಂಟೆ ಕೋರ್ಸ್ ಮಾಡಿ, ವಿದೇಶದಲ್ಲಿ ಇಂಗ್ಲಿಷ್ ಟೀಚರ್ ಆಗಿ" ಎನ್ನುವ ಜಾಹೀರಾತು ನಂಬಿ ಹಣ ಕಟ್ಟುವ ಮೊದಲು, ಆ ದೇಶದ ವೀಸಾ ನಿಯಮ ಏನು ಕೇಳುತ್ತದೆ ಎಂದು ಆ ದೇಶದ ಸರ್ಕಾರಿ ತಾಣದಲ್ಲೇ ನೋಡಿ.

ಹಂತ 6: ಕೃತಕ ಬುದ್ಧಿಮತ್ತೆಯ ಸಹಾಯಕ

ಚಾಟ್‌ಜಿಪಿಟಿ, ಜೆಮಿನಿಯಂಥವು ಕನ್ನಡದಲ್ಲಿ ಕೇಳಿದರೂ ಉತ್ತರಿಸುತ್ತವೆ. ಕೇಳುವ ಕ್ರಮದಲ್ಲಿ ಎಲ್ಲವೂ ಇದೆ. "ಈ ಪ್ಯಾರಾವನ್ನು ಎ1 ಮಟ್ಟದ ಇಂಗ್ಲಿಷಿನಲ್ಲಿ ಎಂಬತ್ತು ಪದಗಳಲ್ಲಿ ಬರೆ, ವಾಕ್ಯಕ್ಕೆ ಎಂಟು ಪದ ಮೀರದಿರಲಿ, ಭೂತಕಾಲದ ಕ್ರಿಯಾಪದಗಳನ್ನು ಕೊನೆಯಲ್ಲಿ ಪಟ್ಟಿ ಮಾಡು" ಎಂದು ಕೇಳಿ. ಎ1 ಎಂದರೆ ಯುರೋಪಿನ ಭಾಷಾ ಅಳತೆಯ ಮೊದಲ ಮೆಟ್ಟಿಲು, ಕೊನೆಯದು ಸಿ2. ಒಂದೇ ಪಾಠವನ್ನು ಮೂರು ಮಟ್ಟದಲ್ಲಿ ಮಾಡಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಯಾರ ಮುಂದೆಯೂ ಇಂಗ್ಲಿಷಿನಲ್ಲಿ ಮಾತಾಡಲು ನಾಚುವವರಿಗೆ ಜೊತೆಗಾರನೂ ಹೌದು.

ಆದರೆ ಉತ್ತರಗಳನ್ನು ಪರಿಶೀಲಿಸದೆ ಬೋರ್ಡಿಗೆ ಬರೆಯಬೇಡಿ. ಇಲ್ಲದ್ದನ್ನು ಇದ್ದಂತೆ ಹೇಳುವುದು ಅವುಗಳ ದೋಷ. ಖಾಲಿ ಜಾಗಕ್ಕೆ ಎರಡು ಉತ್ತರ ಸರಿಯಾಗುವಂಥ ಪ್ರಶ್ನೆ ಮಾಡಿಬಿಡುವುದೂ ಉಂಟು. ಮಕ್ಕಳ ಹೆಸರು, ಅಂಕಪಟ್ಟಿ, ಫೋಟೊ ಅದಕ್ಕೆ ಕೊಡಲೇಬೇಡಿ.

ಹಂತ 7: ಮೂವರು ಸೇರಿಕೊಳ್ಳಿ

ಮುನ್ನೂರು ಜನರ ವಾಟ್ಸಾಪ್ ಗುಂಪು ಬೇಡ, ಹತ್ತಿರದ ಶಾಲೆಗಳ ಮೂವರು ಸಾಕು. ಗೂಗಲ್ ಡ್ರೈವಿನಲ್ಲಿ ಒಂದು ಹಂಚಿದ ಫೋಲ್ಡರ್ ಮಾಡಿ ನಾಲ್ಕನೇ ಹಂತದ ಕ್ರಮದಲ್ಲೇ ಪಾಠಗಳನ್ನು ಹಂಚಿಕೊಳ್ಳಿ: ಒಬ್ಬರು ಪದ್ಯಗಳಿಗೆ ಆಡಿಯೊ ಮಾಡಲಿ, ಒಬ್ಬರು ವರ್ಕ್‌ಶೀಟ್, ಒಬ್ಬರು ಕಥೆ ಆರಿಸಲಿ. ತಿಂಗಳಿಗೊಮ್ಮೆ ನಿಮ್ಮ ಪಾಠದ ಐದು ನಿಮಿಷ ಮುದ್ರಿಸಿ ಉಳಿದಿಬ್ಬರಿಗೆ ಕೇಳಿಸಿ. ವಿಡಿಯೊಗಿಂತ ಆಡಿಯೊ ಒಳ್ಳೆಯದು. ನೀವೆಷ್ಟು ಮಾತಾಡಿದಿರಿ, ಮಕ್ಕಳೆಷ್ಟು ಮಾತಾಡಿದರು ಎಂಬುದು ಗಡಿಯಾರ ಹಿಡಿದರೆ ತಿಳಿಯುತ್ತದೆ. ನನ್ನ ಮೊದಲ ಮುದ್ರಣದ ಐದು ನಿಮಿಷದಲ್ಲಿ ಮಕ್ಕಳ ಪಾಲು ಮೂವತ್ತು ಸೆಕೆಂಡೂ ಇರಲಿಲ್ಲ, ಅದೂ "ಯೆಸ್ ಮಿಸ್" ಮಾತ್ರ.

ಮಕ್ಕಳ ಮುಖ ಕಾಣುವ ವಿಡಿಯೊ ತೆಗೆಯುವುದಾದರೆ ಮುಖ್ಯ ಶಿಕ್ಷಕರ ಅನುಮತಿಯೂ ಪೋಷಕರ ಒಪ್ಪಿಗೆಯೂ ಬರವಣಿಗೆಯಲ್ಲಿ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ವರ್ಷ ತುಂಬದವರು ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಸ್ಟೇಟಸ್ಸಿಗೆ ಹಾಕಬೇಡಿ.

ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋಗುವಾಗ ಪೆನ್‌ಡ್ರೈವ್ ಜೇಬಿನಲ್ಲಿರಲಿ. "ಏನು ಮಾಡಿದಿರಿ" ಎಂದು ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಕೇಳಿದರೆ ಒಂದು ಪಾಠದ ಫೋಲ್ಡರ್ ತೆರೆದು ತೋರಿಸಿ, ಕೇಳಿದವರಿಗೆ ಅಲ್ಲೇ ನಕಲು ಮಾಡಿ ಕೊಡಿ. ಯಾರ ಕಂಪ್ಯೂಟರಿನಲ್ಲಿ ಯಾವ ಫೈಲು ತೆರೆಯಲಿಲ್ಲ ಎಂದು ಬರೆದುಕೊಳ್ಳಿ. ಶನಿವಾರ ಮಧ್ಯಾಹ್ನ ಸರಿಪಡಿಸಬೇಕಾದದ್ದು ಅದೇ.